ಕಡಲ ಗಾಳಿಯನ್ನು ಗುತ್ತಿಗೆ ಹಿಡಿಯುವ ವಿಧಾನ

ಅಮೆರಿಕ ಮಾದರಿ. ಬಳಸುವ ಮುನ್ನ ಪೂರ್ತಿ ಓದಿಕೊಳ್ಳಿ. ಓದಿದ ಮೇಲೆ ಬಳಸದೇ ಬಿಟ್ಟರೂ ತಯಾರಕರ ಆಕ್ಷೇಪವಿಲ್ಲ.

ಅಮೆರಿಕದ ಕಡಲಿನ ಒಂದು ತುಂಡನ್ನು ಗುತ್ತಿಗೆ ಹಿಡಿದು, ಅಲ್ಲಿ ಬೀಸುವ ಗಾಳಿಯಿಂದ ವಿದ್ಯುತ್ ತೆಗೆಯಲು ಹೊರಟ ನಿಮಗೆ ಅಭಿನಂದನೆಗಳು. ನಿಮ್ಮಲ್ಲಿ ಬೇಕಾದಷ್ಟು ದುಡ್ಡಿದೆ, ದುಡ್ಡಿಗಿಂತ ಹೆಚ್ಚು ತಾಳ್ಮೆಯಿದೆ, ಎರಡೂ ಮುಗಿದಾಗ ನೋಡಿಕೊಳ್ಳಲು ವಕೀಲರಿದ್ದಾರೆ ಎಂದು ಈ ಕೈಪಿಡಿ ನಂಬಿಕೊಂಡಿದೆ. ಮೂರರಲ್ಲಿ ಒಂದು ಕಡಿಮೆಯಾದರೂ ಪೆಟ್ಟಿಗೆ ತೆರೆಯಬೇಡಿ.

ಪೆಟ್ಟಿಗೆಯೊಳಗೆ ಏನಿದೆ

ಏನಿಲ್ಲ ಎಂಬುದನ್ನು ಮೊದಲು ಹೇಳುವುದು ಒಳ್ಳೆಯದು. ಕಡಲಿಲ್ಲ, ಅದು ಸರ್ಕಾರದ ಹತ್ತಿರವೇ ಉಳಿಯುತ್ತದೆ. ಗಾಳಿಯಿಲ್ಲ, ಅದು ಯಾರ ಹತ್ತಿರವೂ ಉಳಿಯುವುದಿಲ್ಲ. ಗಾಳಿಯಂತ್ರ ನಿಲ್ಲಿಸುವ ಅನುಮತಿಯೂ ಇಲ್ಲ. ಗ್ರಾಹಕರು ಎಡವುವುದು ಇಲ್ಲಿಯೇ. ಕೋಟಿಗಟ್ಟಲೆ ಡಾಲರ್ ಕೊಟ್ಟು ನೀವು ಮನೆಗೆ ಒಯ್ಯುವುದು ಒಂದು ಹಕ್ಕನ್ನು ಮಾತ್ರ: ಗೊತ್ತುಪಡಿಸಿದ ಆ ಚೌಕದಲ್ಲಿ ಯಂತ್ರ ನಿಲ್ಲಿಸುವ ಯೋಜನೆಯನ್ನು ಸರ್ಕಾರದ ಮುಂದಿಡುವ ಹಕ್ಕು. ನೀವು ಗುತ್ತಿಗೆದಾರರಾಗಿರುವಷ್ಟು ದಿನ ಆ ಚೌಕಕ್ಕೆ ಬೇರೆಯವರು ಯೋಜನೆ ಕೊಡುವಂತಿಲ್ಲ. ಕೊಟ್ಟ ಯೋಜನೆಯನ್ನು ಸರ್ಕಾರ ಒಪ್ಪಲೇಬೇಕೆಂದು ಎಲ್ಲೂ ಬರೆದಿಲ್ಲ.

ಶ್ರೀನಿವಾಸಪುರದ ಕಡೆ ಮಾವಿನ ತೋಪನ್ನು ಹೂವಿರುವಾಗಲೇ ಗುತ್ತಿಗೆ ಹಿಡಿಯುವ ವ್ಯಾಪಾರಿಗಳಿದ್ದಾರೆ. ಆಲಿಕಲ್ಲು ಬಿದ್ದರೆ ಕೆಟ್ಟರು. ಆದರೂ ಅವರ ಕಣ್ಣೆದುರು ಮರವೊಂದು ನಿಂತಿರುತ್ತದೆ. ನೀವು ದುಡ್ಡು ಸುರಿಯುತ್ತಿರುವುದು ಗಿಡ ನೆಡಲೇ ಎಂದು ಕೇಳುವ ಅವಕಾಶಕ್ಕೆ.

ಎಲ್ಲಿ ಬಳಸಬಹುದು

ದಡದಿಂದ 3 ನಾಟಿಕಲ್ ಮೈಲಿಯವರೆಗಿನ ನೀರು ಆಯಾ ರಾಜ್ಯದ್ದು. ಟೆಕ್ಸಾಸಿಗೂ ಫ್ಲೋರಿಡಾದ ಮೆಕ್ಸಿಕೊ ಕೊಲ್ಲಿಯ ಬದಿಗೂ ಹಳೆಯ ಲೆಕ್ಕದಲ್ಲಿ 9 ಮೈಲಿ ಸಿಕ್ಕಿದೆ. ಅದರಾಚೆಗಿನದೆಲ್ಲ ವಾಷಿಂಗ್ಟನ್ನಿನದು, ಈ ಕೈಪಿಡಿ ಅನ್ವಯಿಸುವುದು ಅಲ್ಲಿಗೆ. ಅಲ್ಲಿನ ಕಡಲತಳವನ್ನು ತೈಲಕ್ಕಾಗಿ ಗುತ್ತಿಗೆ ಕೊಡುವ ಕಾನೂನು 1953ರದು. ಗಾಳಿಗೂ ಕೊಡಬಹುದು ಎಂಬ ಸಾಲು ಅದಕ್ಕೆ ಸೇರಿದ್ದು 2005ರಲ್ಲಿ. ಅಂಗಡಿ ನಡೆಸುವುದು ಇಂಟೀರಿಯರ್ ಇಲಾಖೆಯ ಕೆಳಗಿನ ಸಾಗರ ಇಂಧನ ನಿರ್ವಹಣಾ ಬ್ಯೂರೊ. ಇನ್ನು ಮುಂದೆ ಬರೀ ಬ್ಯೂರೊ.

ಕಾನೂನು ಬರುವ ಮೊದಲೇ ಅಂಗಡಿಯ ಬಾಗಿಲು ತಟ್ಟಿದವರ ಕಥೆಯೊಂದಿದೆ. ಮುನ್ನೆಚ್ಚರಿಕೆಯ ಚಿತ್ರದ ಬದಲಿಗೆ ಅದನ್ನೇ ಇಲ್ಲಿ ಅಚ್ಚು ಹಾಕಿದ್ದೇವೆ. 2001ರಲ್ಲಿ ಕೇಪ್ ವಿಂಡ್ ಎಂಬ ಯೋಜನೆ ಮ್ಯಾಸಚೂಸೆಟ್ಸಿನ ನ್ಯಾಂಟಕೆಟ್ ಸೌಂಡ್‌ನಲ್ಲಿ 130 ಗಾಳಿಯಂತ್ರ ನಿಲ್ಲಿಸುತ್ತೇನೆಂದು ಹೊರಟಿತು. ಆ ನೀರಿನ ಅಂಚಿನಲ್ಲಿ ಕೆನಡಿ ಕುಟುಂಬದ ಮನೆಯಿತ್ತು. ಕಲ್ಲಿದ್ದಲು, ಪೆಟ್ರೋಲಿಯಂ ಕೋಕ್ ವ್ಯಾಪಾರದ ವಿಲಿಯಂ ಕೋಕ್ ಅವರ ಮನೆಯೂ ಇತ್ತು. ಪರಿಸರದ ಪರ ನಿಂತು ಹೆಸರು ಮಾಡಿದ ಸೆನೆಟರ್ ಎಡ್ವರ್ಡ್ ಕೆನಡಿ ಮತ್ತು ಇಂಧನ ವ್ಯಾಪಾರದ ಕೋಕ್ ಬೇರಾವ ವಿಷಯದಲ್ಲಿ ಒಮ್ಮತಕ್ಕೆ ಬಂದರೋ ಇಲ್ಲವೋ, ಕಿಟಕಿಯಾಚೆ ಗಾಳಿಯಂತ್ರ ಕಾಣಬಾರದು ಎಂಬುದರಲ್ಲಿ ಒಂದಾದರು. ಕೇಪ್ ವಿಂಡ್‌ಗೆ ಗುತ್ತಿಗೆಪತ್ರ ಸಿಕ್ಕಿದ್ದು 2010ರಲ್ಲಿ. ಉತ್ಪಾದನೆ ಶುರುವಾಗುವವರೆಗೆ ವರ್ಷಕ್ಕೆ 88,278 ಡಾಲರ್ ಬಾಡಿಗೆ. ಉತ್ಪಾದನೆ ಶುರುವಾಗಲೇ ಇಲ್ಲ. ಕೋರ್ಟು ಕಚೇರಿ ಅಲೆದೂ ಅಲೆದೂ ಕೊನೆಗೆ 2017ರಲ್ಲಿ ಗುತ್ತಿಗೆಯನ್ನು ಮರಳಿಸಿದರು. ಹದಿನಾರು ವರ್ಷದಲ್ಲಿ ಒಂದು ರೆಕ್ಕೆಯೂ ತಿರುಗಲಿಲ್ಲ.

ಇದರಿಂದ ಬ್ಯೂರೊ ಪಾಠ ಕಲಿಯಿತು. ಮುಂದಿನ ಗುತ್ತಿಗೆಗಳೆಲ್ಲ ಕಿಟಕಿಗಳಿಂದ ದೂರ ಸರಿದವು.

ಹಂತ 1: ಅರ್ಹತೆ

ಅಮೆರಿಕದ ಪ್ರಜೆಯಾಗಿರಬೇಕು, ಇಲ್ಲವೇ ಅಲ್ಲಿನ ಕಾಯಂ ನಿವಾಸಿಯಾಗಿರಬೇಕು, ಅದೂ ಇಲ್ಲವೇ ಅಲ್ಲಿ ನೋಂದಾಯಿಸಿದ ಕಂಪನಿಯಾಗಿರಬೇಕು. ಮೂರನೆಯದು ಸುಲಭ. ನಾರ್ವೆಯ ಈಕ್ವಿನಾರ್, ಡೆನ್ಮಾರ್ಕಿನ ಅರ್ಸ್ಟೆಡ್, ಜರ್ಮನಿಯ ಆರ್‌ಡಬ್ಲ್ಯುಇ ಎಲ್ಲವೂ ಹಾಗೆಯೇ ಒಳಗೆ ಬಂದವು. ದಾವಣಗೆರೆಯವರಿಗೂ ಬಾಗಿಲು ಮುಚ್ಚಿಲ್ಲ. ಡೆಲವೇರಿನಲ್ಲೊಂದು ಕಂಪನಿ ತೆರೆಯಿರಿ. ತಾಂತ್ರಿಕ ಅನುಭವವನ್ನೂ ಬ್ಯಾಂಕಿನ ಬಲವನ್ನೂ ಕಾಗದದಲ್ಲಿ ತೋರಿಸಿ.

ಹಂತ 2: ನಕ್ಷೆ ಬರೆಯುವುದು, ಅಳಿಸುವುದು

ಒಂದು ದೊಡ್ಡ ಕಡಲ ನಕ್ಷೆ ಹರಡಿ. ಅದರಲ್ಲಿ ಮೊದಲೇ ಚೌಕಗಳಿವೆ, ಒಂದೊಂದೂ 4,800 ಮೀಟರ್ ಉದ್ದ, ಅಷ್ಟೇ ಅಗಲ. ಒಂದು ಚೌಕವನ್ನು ಹದಿನಾರು ಮರಿಚೌಕಗಳಾಗಿ ಸೀಳಬಹುದು. ಗಾಳಿ ಚೆನ್ನಾಗಿದ್ದು, ನೀರು ತೀರಾ ಆಳವಿಲ್ಲದ ಕಡೆ ಬ್ಯೂರೊ ದೊಡ್ಡದೊಂದು ಗೆರೆ ಎಳೆಯುತ್ತದೆ. ಇಲ್ಲಿ ಯಾರಿಗೆ ಆಸಕ್ತಿಯಿದೆ, ಯಾರಿಗೆ ತಕರಾರಿದೆ ಎಂದು ಪ್ರಕಟಣೆ ಹೊರಡಿಸುತ್ತದೆ. ಆಸಕ್ತಿ ಒಬ್ಬರಿಗೇ ಇದ್ದರೆ ಹರಾಜಿಲ್ಲದೆ ಮಾತುಕತೆಯಲ್ಲೇ ಕೊಡಬಹುದು. ತಕರಾರು ಒಬ್ಬರದೇ ಆಗಿರುವ ಸಂಭವ ಇಲ್ಲ.

ಈಗ ಎಲ್ಲರ ಕೈಗೂ ಅಳಿಸುವ ರಬ್ಬರ್ ಬರುತ್ತದೆ. ನೌಕಾಪಡೆ ಬಂದು, ಇಲ್ಲಿ ನಾವು ತಾಲೀಮು ಮಾಡುತ್ತೇವೆ ಎಂದು ಒಂದು ಮೂಲೆ ಅಳಿಸುತ್ತದೆ. ಕರಾವಳಿ ಕಾವಲುಪಡೆ ಹಡಗುಗಳ ದಾರಿಯನ್ನು ಅಳಿಸುತ್ತದೆ. ಪಕ್ಷಿಪ್ರಿಯರು, ದಡದ ಊರಿನವರು, ರಾಡಾರಿನವರು ಅವರವರ ಪಾಲು ಒರೆಸುತ್ತಾರೆ. ನಾರ್ತ್ ಅಟ್ಲಾಂಟಿಕ್ ರೈಟ್ ವೇಲ್ ಎಂಬ ತಿಮಿಂಗಿಲ ನಾನೂರಕ್ಕೂ ಕಡಿಮೆ ಉಳಿದಿರುವುದರಿಂದ ಅದರ ಪರವಾಗಿ ವಿಜ್ಞಾನಿಗಳು ಬರುತ್ತಾರೆ. ಸ್ಕ್ಯಾಲಪ್ ಚಿಪ್ಪು ಹಿಡಿಯುವವರು ಬರುತ್ತಾರೆ. ಇವರು ಹಗುರವಾಗಿ ಕಾಣಬಹುದಾದ ಗಿರಾಕಿಗಳಲ್ಲ. ನ್ಯೂಯಾರ್ಕಿನ ಎದುರಿಗಿನ ಕಡಲ ಬಾಗು ನ್ಯೂಯಾರ್ಕ್ ಬೈಟ್‌ನಲ್ಲಿ 2018ರಲ್ಲಿ ಎಳೆದ ಗೆರೆ 2022ರ ಹರಾಜಿಗೆ ಬರುವಷ್ಟರಲ್ಲಿ ಶೇ 72ರಷ್ಟು ಅಳಿಸಿಹೋಗಿತ್ತು.

ಹೀಗೆ ಅಳಿಸುವುದನ್ನು ಕಂಪನಿಗಳು ಕಾಲಹರಣ ಎನ್ನುತ್ತವೆ. ನಾನು ಹಾಗೆನ್ನಲಾರೆ. ಕಡಲಿಗೆ ಪಹಣಿ ಇಲ್ಲ. ಮೂರು ತಲೆಮಾರು ಅದೇ ನೀರಿನಲ್ಲಿ ಬಲೆ ಬೀಸಿದವನ ಹತ್ತಿರ ತೋರಿಸಲು ಒಂದು ಚೀಟಿಯೂ ಇರುವುದಿಲ್ಲ. ಅವನ ಪಾಲಿಗೆ ಈ ರಬ್ಬರೇ ಪಹಣಿ. ಮೇನ್ ರಾಜ್ಯದ ಲಾಬ್‌ಸ್ಟರ್ ಹಿಡಿಯುವವರು ಪಟ್ಟು ಹಿಡಿದದ್ದರಿಂದಲೇ ಅವರ ಮುಖ್ಯ ಮೀನುಗಾರಿಕೆ ವಲಯ ಗುತ್ತಿಗೆಯ ನಕ್ಷೆಯಿಂದ ಆಚೆ ಉಳಿಯಿತು. ಆರೆಗನ್ನಿನಲ್ಲಿ ಮೂಲನಿವಾಸಿ ಬುಡಕಟ್ಟುಗಳು ಕೋರ್ಟಿಗೆ ಹೋದವು, ರಾಜ್ಯದ ಗವರ್ನರ್ ಹಿಂದೆ ಸರಿದರು, ಬಿಡ್ ಹಾಕಲು ಅರ್ಹರಾಗಿದ್ದ ಐದು ಕಂಪನಿಗಳಲ್ಲಿ ಆಸಕ್ತಿ ಉಳಿಸಿಕೊಂಡದ್ದು ಒಂದೇ. 2024ರ ಅಕ್ಟೋಬರಿನ ಹರಾಜನ್ನು ಸೆಪ್ಟೆಂಬರಿನಲ್ಲೇ ರದ್ದು ಮಾಡಿದರು.

ಹಂತ 3 ಮತ್ತು 4

ಮಾರಾಟದ ಕರಡು ಪ್ರಕಟಣೆ, 60 ದಿನ ಅಭಿಪ್ರಾಯಕ್ಕೆ. ಅಂತಿಮ ಪ್ರಕಟಣೆ, ಹರಾಜಿಗೆ ಕನಿಷ್ಠ 30 ದಿನ ಮೊದಲು. ಠೇವಣಿ ಕಟ್ಟಿ. ಅಣಕು ಹರಾಜಿನಲ್ಲಿ ಬೆರಳು ಪಳಗಿಸಿಕೊಳ್ಳಿ.

ಹಂತ 5: ಹರಾಜು

ಮರದ ಸುತ್ತಿಗೆ, ಒಂದು ಸಲ, ಎರಡು ಸಲ ಎಂಬ ಕೂಗು ನಿರೀಕ್ಷಿಸಬೇಡಿ. ಕಂಪ್ಯೂಟರಿನ ಮುಂದೆ ಕೂರಬೇಕು. ಬ್ಯೂರೊ ಒಂದೊಂದು ತುಂಡಿಗೂ ಒಂದು ಬೆಲೆ ಹೇಳುತ್ತದೆ. ಆ ಬೆಲೆಗೆ ಒಪ್ಪುವವರು ಒಬ್ಬರಿಗಿಂತ ಹೆಚ್ಚಿದ್ದರೆ ಮುಂದಿನ ಸುತ್ತಿನಲ್ಲಿ ಬೆಲೆ ಏರುತ್ತದೆ. ಎದುರಾಳಿಯ ಮುಖ ಕಾಣುವುದಿಲ್ಲ, ಅವರೂ ಬಿಟ್ಟಿಲ್ಲ ಎಂಬುದಷ್ಟೇ ಕಾಣುತ್ತದೆ. ನ್ಯೂಯಾರ್ಕ್ ಬೈಟ್ ಹರಾಜು 2022ರ ಫೆಬ್ರುವರಿಯಲ್ಲಿ ಮೂರು ದಿನ, 64 ಸುತ್ತು ನಡೆಯಿತು. ಆರು ತುಂಡು, 4,88,201 ಎಕರೆ, ಒಟ್ಟು 437 ಕೋಟಿ ಡಾಲರ್. ಒಂದು ತುಂಡೇ 110 ಕೋಟಿಗೆ ಹೋಯಿತು. ಎಕರೆಗೆ ಸರಾಸರಿ 9 ಸಾವಿರ ಡಾಲರಿಗೆ ಕೂದಲೆಳೆ ಕಡಿಮೆ, ಅದೂ ಕಾಲಿಟ್ಟರೆ ಮುಳುಗುವ ಎಕರೆ.

ಬೆಲೆ ಎಷ್ಟಿರಬೇಕು ಎಂದು ಗ್ರಾಹಕರು ಕೇಳುತ್ತಲೇ ಇರುತ್ತಾರೆ. ಕೆಳಗಿನ ವಿವರ ನೋಡಿ ನೀವೇ ತೀರ್ಮಾನಿಸಿ.

2013ರ ಜುಲೈನಲ್ಲಿ ನಡೆದ ಮೊಟ್ಟಮೊದಲ ಹರಾಜಿನಲ್ಲಿ ಡೀಪ್‌ವಾಟರ್ ವಿಂಡ್ ಎಂಬ ಕಂಪನಿ ರೋಡ್ ಐಲ್ಯಾಂಡ್ ಮತ್ತು ಮ್ಯಾಸಚೂಸೆಟ್ಸ್ ನಡುವಿನ 1,64,750 ಎಕರೆಯನ್ನು 38 ಲಕ್ಷ ಡಾಲರಿಗೆ ಹಿಡಿಯಿತು. ಐದು ವರ್ಷದ ಮೇಲೆ ಆ ಗುತ್ತಿಗೆಯೂ ಸೇರಿದಂತೆ ಇಡೀ ಕಂಪನಿಯನ್ನು ಅರ್ಸ್ಟೆಡ್ 51 ಕೋಟಿ ಡಾಲರಿಗೆ ಕೊಂಡುಕೊಂಡಿತು. ಇನ್ನೂ ಸೊಗಸಾದದ್ದು ಪಕ್ಕದ ನೀರಿನ ಕಥೆ. 2015ರ ಜನವರಿಯಲ್ಲಿ ಮ್ಯಾಸಚೂಸೆಟ್ಸಿನ ದಕ್ಷಿಣಕ್ಕೆ ನಾಲ್ಕು ತುಂಡುಗಳನ್ನು ಹರಾಜಿಗಿಟ್ಟರು. ಒಂದು 1,50,197 ಡಾಲರಿಗೆ ಹೋಯಿತು. ಲಕ್ಷದ ಲೆಕ್ಕದಲ್ಲೇ, ಕೋಟಿಯಲ್ಲ. 1,66,886 ಎಕರೆಗೆ, ಅಂದರೆ ಎಕರೆಗೆ ಒಂದು ಡಾಲರೂ ಬೀಳಲಿಲ್ಲ. ಇನ್ನೊಂದು 2,81,285 ಡಾಲರಿಗೆ. ಉಳಿದೆರಡನ್ನು ಕೇಳುವವರೇ ಇರಲಿಲ್ಲ. ಕೇಳುವವರಿಲ್ಲದ ಅದೇ ನೀರನ್ನು ಮೂರು ತುಂಡು ಮಾಡಿ 2018ರ ಡಿಸೆಂಬರಿನಲ್ಲಿ ಮತ್ತೆ ಇಟ್ಟರು. ತಲಾ 13.5 ಕೋಟಿ, ಒಟ್ಟು 40.5 ಕೋಟಿ ಡಾಲರ್.

ಅದೇ ನೀರು, ಅದೇ ಆಳ, ಅದೇ ಗಾಳಿ. ನಡುವೆ ಬದಲಾದದ್ದು ದಡದ ಮೇಲಿನ ಕಾಗದ. 2016ರ ಆಗಸ್ಟಿನಲ್ಲಿ ಮ್ಯಾಸಚೂಸೆಟ್ಸ್ ರಾಜ್ಯ ಒಂದು ಕಾನೂನು ಮಾಡಿ, ರಾಜ್ಯದ ವಿದ್ಯುತ್ ಕಂಪನಿಗಳು 1,600 ಮೆಗಾವಾಟ್ ಕಡಲ ಗಾಳಿಯ ಕರೆಂಟನ್ನು ದೀರ್ಘಾವಧಿ ಒಪ್ಪಂದದ ಮೇಲೆ ಕೊಳ್ಳಲೇಬೇಕು ಎಂದಿತು. ಕೊಳ್ಳುವವನು ಹುಟ್ಟಿದೊಡನೆ ಬೀಸುವ ಗಾಳಿಗೆ ಬೆಲೆ ಬಂತು. ಆದ್ದರಿಂದ ಹರಾಜಿಗೆ ಮುನ್ನ ಗಾಳಿಯ ವೇಗದ ಪಟ್ಟಿಯ ಜೊತೆಗೆ ರಾಜ್ಯದ ಶಾಸನಸಭೆಯ ನಡಾವಳಿಯನ್ನೂ ಓದಿಕೊಂಡಿರಿ.

ಓದದಿದ್ದರೆ ಏನಾಗುತ್ತದೆ ಎಂಬುದಕ್ಕೆ ಮೆಕ್ಸಿಕೊ ಕೊಲ್ಲಿ ಇದೆ. 2023ರ ಆಗಸ್ಟಿನಲ್ಲಿ ಅಲ್ಲಿ ಮೂರು ತುಂಡು ಇಟ್ಟರು. ಲೂಸಿಯಾನಾದ ಲೇಕ್ ಚಾರ್ಲ್ಸ್ ಎದುರಿಗಿನದನ್ನು ಆರ್‌ಡಬ್ಲ್ಯುಇ 56 ಲಕ್ಷಕ್ಕೆ ತೆಗೆದುಕೊಂಡಿತು. ಟೆಕ್ಸಾಸಿನ ಗ್ಯಾಲ್ವಸ್ಟನ್ ಎದುರಿನ ಎರಡಕ್ಕೆ ಒಂದು ಬಿಡ್ಡೂ ಬರಲಿಲ್ಲ. ಗಾಳಿ ಮಂದ, ಬಂದರೆ ಚಂಡಮಾರುತ, ದಡದಲ್ಲಿ ಕರೆಂಟು ಅಗ್ಗ, ಕೊಳ್ಳಲೇಬೇಕೆಂಬ ಕಾನೂನೂ ಇಲ್ಲ.

ಕೂಪನ್ನುಗಳ ವಿಷಯ ಮರೆಯಬೇಡಿ. ಕ್ಯಾಲಿಫೋರ್ನಿಯಾದಲ್ಲಿ 2022ರ ಡಿಸೆಂಬರಿನಲ್ಲಿ ಐದು ತುಂಡು 75.71 ಕೋಟಿ ಡಾಲರಿಗೆ ಹೋದಾಗ, ಸ್ಥಳೀಯರಿಗೆ ಕೆಲಸ ಕಲಿಸುತ್ತೇವೆ, ಬಿಡಿಭಾಗ ಇಲ್ಲೇ ಮಾಡಿಸುತ್ತೇವೆ ಎಂದು ಬರೆದುಕೊಟ್ಟವರಿಗೆ ಶೇ 20 ರಿಯಾಯಿತಿ ಇತ್ತು. ಮೀನುಗಾರರಿಗೂ ದಡದ ಜನರಿಗೂ ಇಂತಿಷ್ಟು ಮಾಡುತ್ತೇವೆಂಬ ಒಪ್ಪಂದಗಳಿಗೆ ಐದೈದರಂತೆ ಮತ್ತೆ ಹತ್ತು.

ಗೆದ್ದ ಮೇಲೆ

ವರ್ಷಕ್ಕೆ ಎಕರೆಗೆ 3 ಡಾಲರ್ ಬಾಡಿಗೆ. ಬಾಡಿಗೆ ಇಷ್ಟು ಕಡಿಮೆ ಇರುವುದರಿಂದ ಮೋಸ ಹೋಗಬೇಡಿ, ಅದು ಕಾಯುವುದಕ್ಕೆ ಕೊಡುವ ದುಡ್ಡು. ಕರೆಂಟು ಹರಿಯತೊಡಗಿದ ಮೇಲೆ ಸರ್ಕಾರದ ಪಾಲು ಬೇರೆ ಸೂತ್ರದಿಂದ ಬರುತ್ತದೆ: ಯಂತ್ರಗಳ ಒಟ್ಟು ಸಾಮರ್ಥ್ಯ, ವರ್ಷದ 8,760 ಗಂಟೆ, ಅದರಲ್ಲಿ ನಿಜಕ್ಕೂ ದುಡಿಯುವ ಪ್ರಮಾಣ, ಮಾರುಕಟ್ಟೆಯ ಸಗಟು ದರ, ಎಲ್ಲವನ್ನೂ ಗುಣಿಸಿ ಅದರ ಶೇ 2. ಉದಾಹರಣೆಗೆ 800 ಮೆಗಾವಾಟ್, ಶೇ 40 ದುಡಿಮೆ, ಮೆಗಾವಾಟ್ ಗಂಟೆಗೆ 50 ಡಾಲರ್ ಎಂದು ಹಿಡಿಯಿರಿ. ವರ್ಷಕ್ಕೆ ಸುಮಾರು 28 ಲಕ್ಷ ಡಾಲರ್ ಆಗುತ್ತದೆ. ಹರಾಜಿನ ದಿನ ಕೊಟ್ಟದ್ದರ ಮುಂದೆ ಇದು ಚಿಲ್ಲರೆ.

ಈಗ ಅಳತೆಗೆ ಇಳಿಯಿರಿ. ಗಾಳಿ ಅಳೆಯುವ ತೇಲುಬುರುಡೆ ಬಿಡಿ. ತಳದ ಮಣ್ಣು ಕೊರೆದು ನೋಡಿ. ಹಿಮಯುಗದಲ್ಲಿ ಕಡಲಮಟ್ಟ ತಗ್ಗಿದ್ದಾಗ ಇಲ್ಲೆಲ್ಲ ಒಣನೆಲವಿತ್ತು, ಜನರೂ ಓಡಾಡಿದ್ದಿರಬಹುದು. ಹಾಗಾಗಿ ಮುಳುಗಿದ ನದಿದಂಡೆಗಳ ಗುರುತು ಸಿಕ್ಕರೆ, ಮ್ಯಾಸಚೂಸೆಟ್ಸಿನ ನೀರಾದರೆ ಅಲ್ಲಿನ ಮೂಲನಿವಾಸಿ ವಾಂಪನಾಗ್ ಬುಡಕಟ್ಟಿನವರನ್ನು ಕೇಳಿ ಮುಂದುವರಿಯಬೇಕು. ತಿಮಿಂಗಿಲ ಬರುವ ಕಾಲದಲ್ಲಿ ದೋಣಿ 10 ನಾಟ್ ವೇಗ ಮೀರಬಾರದು. ಇದೆಲ್ಲ ಸೇರಿಸಿ ನಿರ್ಮಾಣ ಮತ್ತು ಕಾರ್ಯಾಚರಣೆಯ ಯೋಜನೆ ಎಂಬ ಕಾಗದದ ಗುಡ್ಡವನ್ನು ಬ್ಯೂರೊ ಮುಂದೆ ಇಡಿ. 2015ರಲ್ಲಿ ಒಂದೂವರೆ ಲಕ್ಷಕ್ಕೆ ಹೋಯಿತೆಂದೆನಲ್ಲ, ಆ ನೀರಿನಲ್ಲೇ ಎದ್ದ ವಿನ್ಯಾರ್ಡ್ ವಿಂಡ್ 2017ರ ಡಿಸೆಂಬರಿನಲ್ಲಿ ಗುಡ್ಡ ಇಟ್ಟಿತು. ಒಪ್ಪಿಗೆಯ ನಿರ್ಧಾರ ಹೊರಬಿದ್ದದ್ದು 2021ರ ಮೇ ತಿಂಗಳಲ್ಲಿ. ಈ ನಡುವೆ ಯಂತ್ರಗಳ ಸಾಲು ಯಾವ ದಿಕ್ಕಿಗಿರಬೇಕು ಎಂದೇ ಜಗಳವಾಯಿತು. ಪೂರ್ವ ಪಶ್ಚಿಮವಾಗಿ ಬಲೆ ಎಳೆಯುವವರು ತಮ್ಮ ದಾರಿ ಬಿಡಲಿಲ್ಲ. ಕೊನೆಗೆ ಆ ಭಾಗದ ಗುತ್ತಿಗೆದಾರರೆಲ್ಲ ಕೂಡಿ, ಎರಡು ಯಂತ್ರಗಳ ನಡುವೆ ಒಂದು ನಾಟಿಕಲ್ ಮೈಲಿ ಬಿಡುತ್ತೇವೆ, ಸಾಲು ನೇರ ಇಡುತ್ತೇವೆ ಎಂದು ಒಪ್ಪಿದರು. ನಿಂತದ್ದು 62 ಯಂತ್ರಗಳ ಯೋಜನೆ.

ಇತರ ಮಾದರಿಗಳು

ಇಂಗ್ಲೆಂಡಿನಲ್ಲಿ ಕಡಲತಳ ರಾಜನ ಹೆಸರಿನಲ್ಲಿದೆ, ಕ್ರೌನ್ ಎಸ್ಟೇಟ್ ನೋಡಿಕೊಳ್ಳುತ್ತದೆ. ಗುತ್ತಿಗೆಯ ದುಡ್ಡು ಮಿತಿಮೀರಿ ಬರತೊಡಗಿದಾಗ, ಈ ಲಾಭ ಜನರ ಒಳಿತಿಗೆ ಹೋಗಲಿ ಎಂದು 2023ರ ಜನವರಿಯಲ್ಲಿ ರಾಜ ಚಾರ್ಲ್ಸ್ ಹೇಳಿಕಳಿಸಿದರು. ಸ್ಕಾಟ್‌ಲೆಂಡ್ ತನ್ನ 2022ರ ಸುತ್ತಿನಲ್ಲಿ ಚದರ ಕಿಲೋಮೀಟರಿಗೆ ಒಂದು ಲಕ್ಷ ಪೌಂಡಿಗಿಂತ ಹೆಚ್ಚು ಕೊಡಬೇಡಿ ಎಂದು ಬಿಡ್ಡುದಾರರ ಕೈ ತಡೆಯಿತು. ನನಗೆ ಈ ಮಾದರಿಯೇ ಇಷ್ಟ. ಜರ್ಮನಿ ಕೈ ತಡೆಯಲಿಲ್ಲ, 2023ರಲ್ಲಿ 1,260 ಕೋಟಿ ಯೂರೊ ಬಾಚಿತು. 2025ರ ಆಗಸ್ಟಿನ ಹರಾಜಿಗೆ ಅಲ್ಲಿ ಒಬ್ಬರೂ ಬರಲಿಲ್ಲ. ಭಾರತದ ಮಾದರಿ ಇನ್ನೂ ಜೋಡಣೆಯಲ್ಲಿದೆ. 2015ರಲ್ಲಿ ನೀತಿ, 2023ರಲ್ಲಿ ಗುತ್ತಿಗೆ ನಿಯಮ, 2024ರಲ್ಲಿ ಗುಜರಾತ್ ಮತ್ತು ತಮಿಳುನಾಡಿನ ತಲಾ 500 ಮೆಗಾವಾಟಿಗೆ 7,453 ಕೋಟಿ ರೂಪಾಯಿಯ ನೆರವಿನ ಯೋಜನೆ. ಮಲ್ಪೆಯವರು ಸದ್ಯಕ್ಕೆ ಈ ಕೈಪಿಡಿಯನ್ನು ಅಟ್ಟದ ಮೇಲಿಡಬಹುದು.

ಆಫ್ ಮಾಡುವ ಗುಂಡಿ

ಉಪಕರಣದ ಹಿಂಬದಿಯಲ್ಲಿದೆ. ಕೈಗೆ ಎಟಕುವುದು ಅಧ್ಯಕ್ಷರಿಗೆ ಮಾತ್ರ.

ಅದಕ್ಕೂ ಮೊದಲು ಒಂದು ವಿಚಿತ್ರ ತಂತಿಯ ಬಗ್ಗೆ. 2022ರ ಕಾನೂನಿನ ಪ್ರಕಾರ, ಹಿಂದಿನ ಒಂದು ವರ್ಷದಲ್ಲಿ ಕಡಲಿನ 6 ಕೋಟಿ ಎಕರೆಯನ್ನು ತೈಲ ಮತ್ತು ಅನಿಲಕ್ಕೆ ಗುತ್ತಿಗೆಗೆ ಇಡದಿದ್ದರೆ ಗಾಳಿಗೆ ಹೊಸ ಗುತ್ತಿಗೆ ಕೊಡುವಂತಿಲ್ಲ. ಹವಾಮಾನ ಕಾಪಾಡಲೆಂದು ಹೆಸರಾದ ಕಾನೂನಿನಲ್ಲೇ ಈ ಸಾಲಿದೆ. ಒಂದು ಮತಕ್ಕಾಗಿ ಸೆನೆಟ್ಟಿನಲ್ಲಿ ನಡೆದ ಚೌಕಾಶಿಯ ಫಲ. ಗಂಟು ಬಿಚ್ಚಲು ಹೋಗಬೇಡಿ.

ಗುಂಡಿಗೆ ಬರೋಣ. 2025ರ ಜನವರಿ 20ರಂದು, ಅಧಿಕಾರ ಹಿಡಿದ ದಿನವೇ, ಅಧ್ಯಕ್ಷ ಟ್ರಂಪ್ ಒಂದು ಸಹಿ ಹಾಕಿ ಇಡೀ ಫೆಡರಲ್ ಕಡಲನ್ನು ಗಾಳಿಯ ಹೊಸ ಗುತ್ತಿಗೆಯಿಂದ ಹಿಂದಕ್ಕೆ ಪಡೆದರು. ಜುಲೈ ಕೊನೆಗೆ ಬ್ಯೂರೊ, ಗುತ್ತಿಗೆಗೆಂದು ಗುರುತಿಸಿಟ್ಟಿದ್ದ 35 ಲಕ್ಷ ಎಕರೆಗೂ ಮೀರಿದ ವಲಯಗಳನ್ನು ರದ್ದುಗೊಳಿಸಿತು. ಅಷ್ಟು ಜನ ರಬ್ಬರ್ ಹಿಡಿದು ವರ್ಷಗಟ್ಟಲೆ ಉಜ್ಜಿದ ಮೇಲೂ ಉಳಿದಿದ್ದ ಗೆರೆಗಳವು. ಅಳಿಸಲು ಈ ಸಲ ಮೀನುಗಾರರನ್ನೂ ಕೇಳಲಿಲ್ಲ, ಕಂಪನಿಗಳನ್ನೂ ಕೇಳಲಿಲ್ಲ, 60 ದಿನವೂ ಬೇಕಾಗಲಿಲ್ಲ. ಆಗಸ್ಟ್ 22ರಂದು, ರೆವಲ್ಯೂಷನ್ ವಿಂಡ್ ಎಂಬ ಯೋಜನೆಗೆ ಕೆಲಸ ನಿಲ್ಲಿಸಲು ಆದೇಶ ಬಂತು. 2013ರ ಆ 38 ಲಕ್ಷದ ಗುತ್ತಿಗೆಯ ನೀರು ಅದು. ಕೆಲಸ ಶೇ 80 ಮುಗಿದಿತ್ತು, 65ರಲ್ಲಿ 45 ಯಂತ್ರಗಳು ಎದ್ದು ನಿಂತಿದ್ದವು. ಒಂದು ತಿಂಗಳಿಗೆ ಸರಿಯಾಗಿ ನ್ಯಾಯಾಲಯ ಕೆಲಸ ಮುಂದುವರಿಸಿ ಎಂದಿತು. ವಕೀಲರಿದ್ದಾರೆಯೇ ಎಂದು ಮೊದಲಿಗೇ ಕೇಳಿದ್ದು ಸುಮ್ಮನಲ್ಲ.

ತೊಂದರೆಗಳು, ಪರಿಹಾರಗಳು

ಹರಾಜಿಗೆ ಯಾರೂ ಬರಲಿಲ್ಲ (ಬ್ಯೂರೊದವರಿಗೆ): ದರ ಇಳಿಸಿ, ಕಾಯಿರಿ, ಪಕ್ಕದ ರಾಜ್ಯದಲ್ಲಿ ಕಾನೂನು ಆಗುವುದನ್ನು ನೋಡಿ.

ಗೆದ್ದಿರಿ, ಆದರೆ ಬಡ್ಡಿದರ ಏರಿತು, ಉಕ್ಕು ತುಟ್ಟಿಯಾಯಿತು: ಅರ್ಸ್ಟೆಡ್ 2023ರ ಅಕ್ಟೋಬರ್ 31ರಂದು ನ್ಯೂಜೆರ್ಸಿಯ ಓಷನ್ ವಿಂಡ್ ಎರಡೂ ಯೋಜನೆಗಳನ್ನು ಕೈಬಿಟ್ಟ ವಿಧಾನವನ್ನು ಅಭ್ಯಾಸ ಮಾಡಿ.

ದಡಕ್ಕೆ ರೆಕ್ಕೆಯ ಚೂರುಗಳು ತೇಲಿಬರುತ್ತಿವೆ: 2024ರ ಜುಲೈನಲ್ಲಿ ವಿನ್ಯಾರ್ಡ್ ವಿಂಡ್‌ನ ಒಂದು ರೆಕ್ಕೆ ಮುರಿದಾಗ ನ್ಯಾಂಟಕೆಟ್ ಕಡಲತೀರವನ್ನೇ ಮುಚ್ಚಬೇಕಾಯಿತು. ಚೂರು ಆಯಲು ಜನ ಕಳಿಸಿ. ತಯಾರಕರ ದೂರವಾಣಿ ಹತ್ತಿರ ಇಟ್ಟುಕೊಂಡಿರಿ.

ವಿಲೇವಾರಿ

ಎಲ್ಲ ದಾಟಿ, ಎರಡು ಮೂರು ದಶಕ ಕರೆಂಟು ಮಾರಿ, ಗುತ್ತಿಗೆ ಮುಗಿಯಿತು ಎಂದಿಟ್ಟುಕೊಳ್ಳಿ. ಬಂದ ದಾರಿಯಲ್ಲಿ ಎದ್ದು ಹೋಗುವಂತಿಲ್ಲ. ಎರಡು ವರ್ಷದೊಳಗೆ ಕಂಬ, ಕೇಬಲ್ ಎಲ್ಲವನ್ನೂ ಕಡಲತಳದಿಂದ 15 ಅಡಿ ಆಳದವರೆಗೆ ಕಿತ್ತು ಒಯ್ಯಬೇಕು. ಅದರ ಖರ್ಚಿಗೆ ಭದ್ರತೆಯನ್ನೂ ಮೊದಲೇ ಕೊಟ್ಟಿರಬೇಕು. ಆದರೆ ಅಷ್ಟರಲ್ಲಿ ಕಂಬಗಳ ಬುಡದಲ್ಲಿ ಚಿಪ್ಪು ಬೆಳೆದು, ಚಿಪ್ಪಿಗೆ ಮೀನು ಬಂದು, ಮೀನಿಗೆ ಗಾಳದವರು ಬಂದು, ಕೀಳಬೇಡಿ ಎಂದು ಅವರೇ ಅಡ್ಡ ನಿಂತಿರುವ ಸಾಧ್ಯತೆಯಿದೆ. ರೋಡ್ ಐಲ್ಯಾಂಡ್ ರಾಜ್ಯದ ಬ್ಲಾಕ್ ಐಲ್ಯಾಂಡ್ ಬಳಿ ನಿಂತಿರುವ ಐದು ಯಂತ್ರಗಳ ಸುತ್ತ ಹವ್ಯಾಸಿ ಗಾಳದವರ ದೋಣಿಗಳು ಈಗಲೇ ಸುತ್ತುತ್ತಿರುತ್ತವೆ. ಹಾಗಾದಲ್ಲಿ ಕೆಲವು ಭಾಗ ಅಲ್ಲೇ ಬಿಡಲು ಒಪ್ಪಿಗೆ ಕೇಳಬಹುದು. ಕೀಳುವುದಾದರೂ ಬಿಡುವುದಾದರೂ ಅರ್ಜಿ ಗುತ್ತಿಗೆ ಮುಗಿಯುವ ಎರಡು ವರ್ಷ ಮೊದಲೇ ಸರ್ಕಾರವನ್ನು ತಲುಪಿರಬೇಕು.